ಹೆಸರು ಬದಲಿಸಿದರೆ ಸಾಕಲ್ಲವೇ?

ಪ್ರಶ್ನೆ: ಅಘನಾಶಿನಿ ಅಳಿವೆಯಲ್ಲಿ ಬಳಚು (ತಿನ್ನುವ ಚಿಪ್ಪುಜೀವಿ) ಹೆಕ್ಕುವವರ ಬಗ್ಗೆ ಪಿಎಚ್‌ಡಿ ಮಾಡುತ್ತಿದ್ದೇನೆ. ಮಾತಾಡಿಸಿದವರ ಹೆಸರನ್ನೆಲ್ಲ ಬದಲಿಸಿದ್ದೇನೆ. ಗುಟ್ಟು ಕಾಯ್ದ ಹಾಗಾಯಿತಲ್ಲವೇ?

ಆಗಲಿಲ್ಲ. ನಾಟಿ ವೈದ್ಯರ ಮೇಲೆ ಬರೆಯುವವರೂ ಸಿದ್ದಾಪುರದ ಮಂಗನ ಕಾಯಿಲೆ ಮೇಲೆ ಬರೆಯುವವರೂ ಇದನ್ನೇ ಕೇಳುತ್ತಾರೆ. ಉತ್ತರ ಬದಲಾಗಿಲ್ಲ.

ನಿಮ್ಮ ಪ್ರಬಂಧದಲ್ಲಿ ಇಂಥದೊಂದು ಸಾಲಿದೆ ಎಂದುಕೊಳ್ಳಿ: ‘ಲಕ್ಷ್ಮಿ (ಹೆಸರು ಬದಲಿಸಿದೆ), 58 ವರ್ಷ, ವಿಧವೆ, ಮಗ ತದಡಿಯಲ್ಲಿ ಬೋಟಿಗೆ ಹೋಗುತ್ತಾನೆ.’ ನಲವತ್ತು ಮನೆಯ ಕೇರಿಯಲ್ಲಿ ಇದು ಯಾರೆಂದು ಶಾಲೆ ಮಕ್ಕಳೂ ಹೇಳುತ್ತಾರೆ. ಆಕೆ ಬಳಚು ಕೊಳ್ಳುವ ದಲ್ಲಾಳಿಯ ಮೇಲೆ ದೂರು ಹೇಳಿದ್ದರೆ, ಆಕೆ ಹೆದರುವುದು ಧಾರವಾಡದ ಪರೀಕ್ಷಕರಿಗಲ್ಲ, ಅದೇ ದಲ್ಲಾಳಿಗೆ. ‘ಪಿಎಚ್‌ಡಿ ಯಾರು ಓದುತ್ತಾರೆ’ ಎನ್ನಬೇಡಿ. ಪ್ರಬಂಧ ಶೋಧಗಂಗಾ ಎಂಬ ಪಿಎಚ್‌ಡಿ ಪ್ರಬಂಧಗಳ ಆನ್‌ಲೈನ್ ಭಂಡಾರಕ್ಕೆ ಏರುತ್ತದೆ, ಊರ ಹುಡುಗ ಮೊಬೈಲಿನಲ್ಲಿ ಊರಿನ ಹೆಸರು ಹಾಕಿ ನೋಡುತ್ತಾನೆ.

ದೊಡ್ಡ ಊರಾದರೂ ಅಷ್ಟೇ. ಅಮೆರಿಕದಲ್ಲಿ ಕಂಪ್ಯೂಟರ್ ವಿಜ್ಞಾನಿ ಲತಾನ್ಯಾ ಸ್ವೀನಿ 2000ದಲ್ಲಿ ಲೆಕ್ಕ ಹಾಕಿ ತೋರಿಸಿದರು: ಅಂಚೆ ಸಂಖ್ಯೆ, ಹುಟ್ಟಿದ ದಿನಾಂಕ, ಗಂಡೋ ಹೆಣ್ಣೋ ಎಂಬ ಮೂರೇ ವಿವರಗಳಿಂದ ಅಲ್ಲಿನ ಸುಮಾರು 87% ಜನರನ್ನು ಬೇರೆ ಯಾರೂ ಅಲ್ಲ, ಇವರೇ ಎಂದು ಗುರುತಿಸಬಹುದು. ಮೂರರಲ್ಲಿ ಹೆಸರು ಇಲ್ಲವೇ ಇಲ್ಲ.

ಹಾಗಾದರೆ ಮಾಡುವುದೇನು? ಒಬ್ಬೊಬ್ಬರಿಗೆ ಒಂದು ಸಾಲಿನಂತೆ ಪಟ್ಟಿ ಮಾಡಿ: ವಯಸ್ಸು, ಜಾತಿ, ಕೇರಿ, ಕೆಲಸ, ಕುಟುಂಬ. ಇಷ್ಟೂ ಹೊಂದುವವರು ಎಷ್ಟು ಮಂದಿ ಎಂದು ಎಣಿಸಿ. ಎಣಿಸಬೇಕಾದ್ದು ಆ ಊರಿನಲ್ಲಿ, ನಿಮ್ಮ ಮೂವತ್ತು ಸಂದರ್ಶನಗಳಲ್ಲಲ್ಲ. ಹೆಚ್ಚಿನವರು ತಪ್ಪುವುದು ಇಲ್ಲೇ. ಐದಕ್ಕಿಂತ ಕಡಿಮೆ ಬಂದರೆ ವಿವರ ಅಗಲಿಸಿ: 58 ಇದ್ದದ್ದು 55–65 ಆಗಲಿ, ಕೇರಿ ಹೋಗಿ ‘ಕುಮಟಾ ತಾಲೂಕಿನ ಅಳಿವೆಯಂಚು’ ಆಗಲಿ, ವಾದಕ್ಕೆ ಬೇಡದ ಜಾತಿ ಬಿದ್ದುಹೋಗಲಿ. ನದಿಯನ್ನು ಮಾತ್ರ ಬದಲಿಸಬೇಡಿ. ಅಘನಾಶಿನಿಯ ಉಬ್ಬರ ಇಳಿತವನ್ನು ಶರಾವತಿಗೆ ಹೊರಿಸಿದರೆ ಸಂಶೋಧನೆಯೇ ಸುಳ್ಳಾಗುತ್ತದೆ.

‘ಮಾಹಿತಿದಾರ 7’ ಎಂಬ ಗುರುತನ್ನು ಮೂರೂ ಅಧ್ಯಾಯಗಳಲ್ಲಿ ಇಟ್ಟರೆ ಓದುವವನು ಜೋಡಿಸಿ ಪೂರ್ತಿ ಮನುಷ್ಯನನ್ನೇ ನಿಲ್ಲಿಸಿಬಿಡುತ್ತಾನೆ. ಫೋಟೋದಲ್ಲಿ ದೋಣಿಯ ನಂಬರು ಕಾಣದಿರಲಿ, ಫೈಲಿನೊಳಗೆ ಜಾಗದ ಗುರುತು ಉಳಿಯದಿರಲಿ. ಹೆಸರು–ಸಂಖ್ಯೆಯ ಮೂಲ ಪಟ್ಟಿ ರೆಕಾರ್ಡಿಂಗಿನ ಜೊತೆ ಒಂದೇ ಪೆನ್‌ಡ್ರೈವಿನಲ್ಲಿ ಬೇಡ. ಇಷ್ಟೆಲ್ಲ ಮಾಡಿ ಕೃತಜ್ಞತೆಯ ಪುಟದಲ್ಲಿ ‘ಊಟ ಹಾಕಿದ ಅಕ್ಕ’ನ ಹೆಸರನ್ನು ಊರಿನ ಸಮೇತ ಬರೆಯುವವರಿಗೆ ಏನು ಹೇಳಬೇಕೋ ತಿಳಿಯದು.

ನೀವು ಕೇಳಲಿಲ್ಲ, ಆದರೂ: ‘ನನ್ನ ಹೆಸರು ಹಾಕಿ’ ಎಂದು ಅವರೇ ಹೇಳಿದರೆ? ಹಾಡು, ಕಥೆ, ಕಸೂತಿಯಾದರೆ ಹಾಕಲೇಬೇಕು. ಅಂಕೋಲಾದ ಹಾಲಕ್ಕಿ ಜನಪದ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡ ಅವರಿಗೆ 2017ರಲ್ಲಿ ಪದ್ಮಶ್ರೀ ಬಂದದ್ದು ಅವರದೇ ಹೆಸರಿನಲ್ಲಿ. ಅಂಥವರ ಹಾಡಿನ ಕೆಳಗೆ ‘ಒಬ್ಬ ಹಾಲಕ್ಕಿ ಮಹಿಳೆ’ ಎಂದು ಬರೆಯುವುದು ಗುಟ್ಟು ಕಾಯುವುದಲ್ಲ, ಕಳವು. ನಾಟಿ ವೈದ್ಯರು ಕೇಳಿದರೆ ಅವರ ಹೆಸರು ಬರಲಿ, ಆದರೆ ಬೇರು ಸಿಗುವ ಗುಡ್ಡದ ಹೆಸರು ಬೇಡ. ಒಪ್ಪಿಗೆ ಪತ್ರದಲ್ಲಿ ಒಂದೇ ಸಹಿ ಹಾಕಿಸದೆ ವಿಷಯಕ್ಕೊಂದರಂತೆ ಕೇಳಿ. ದಲ್ಲಾಳಿಯ ಮೇಲೆ ದೂರಿದ ಅಕ್ಕನೇ ಹಾಡನ್ನೂ ಹೇಳಿದ್ದರೆ ಹಾಡಿಗೆ ಹೆಸರು, ದೂರಿಗೆ ಬೇಡ. ಎರಡನ್ನೂ ಒಂದೇ ಅಧ್ಯಾಯದಲ್ಲಿ ಇಟ್ಟಿರೋ, ಮತ್ತೆ ಮೊದಲಿನ ಕಥೆಯೇ.