ನಡಾವಳಿ ಪುಸ್ತಕ ತೆರೆದರೆ ಸಭೆಯ ಗುಣ ಗೊತ್ತಾಗುತ್ತದೆ

ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆಯ ಸಹಕಾರ ಸಂಘಗಳಿಗೆ, ಶಿವಮೊಗ್ಗದ ಸಣ್ಣ ಕಾರ್ಖಾನೆಗಳಿಗೆ ಸಭೆ ನಡೆಸುವ ಬಗ್ಗೆ ತರಬೇತಿ ಕೊಡುವುದು ನನ್ನ ಕೆಲಸ. ಎಲ್ಲಿಗೆ ಹೋದರೂ ಮೊದಲು ಕೇಳುವುದು ನಡಾವಳಿ ಪುಸ್ತಕ. ನಾಲ್ಕು ಪುಟ ತಿರುವಿದರೆ ಸಾಕು, ಅಲ್ಲಿನ ಸಭೆ ಹೇಗೆ ನಡೆಯುತ್ತದೆ ಅಂತ ತಿಳಿಯುತ್ತದೆ. ‘ಸುದೀರ್ಘವಾಗಿ ಚರ್ಚಿಸಿ ಅಗತ್ಯ ಕ್ರಮ ಕೈಗೊಳ್ಳಲು ತೀರ್ಮಾನಿಸಲಾಯಿತು’ ಎಂಬ ವಾಕ್ಯ ಪುಟಪುಟದಲ್ಲೂ ಇದ್ದರೆ ಅಲ್ಲಿ ಕೆಲಸ ನಿಂತಿದೆ ಎಂದೇ ಅರ್ಥ. ಯಾವ ಕ್ರಮ? ಯಾರು ಮಾಡಬೇಕು? ಯಾವತ್ತಿನೊಳಗೆ? ಒಂದಕ್ಕೂ ಉತ್ತರವಿಲ್ಲ. ಹಾಗಾಗಿ ಅದೇ ವಿಷಯ ಮುಂದಿನ ತಿಂಗಳೂ ಬರುತ್ತದೆ.

ತಪ್ಪು ಶುರುವಾಗುವುದು ಸಭೆಯಲ್ಲಲ್ಲ, ನೋಟಿಸ್ ಬರೆಯುವಾಗ. ಒಂದು ಉದಾಹರಣೆ ನೋಡಿ. ಅಡಿಕೆಗೆ ಕೊಳೆರೋಗ ಬಾರದಂತೆ ಮಳೆಗಾಲ ಹಿಡಿಯುವ ಮೊದಲೇ ಬೋರ್ಡೋ ದ್ರಾವಣ ಹೊಡೆಯಬೇಕು. ಸುಮಾರು ನಲವತ್ತರಿಂದ ನಲವತ್ತೈದು ದಿನ ಬಿಟ್ಟು ಇನ್ನೊಮ್ಮೆ. ಶೇಕಡಾ 1ರ ದ್ರಾವಣಕ್ಕೆ 100 ಲೀಟರ್ ನೀರು, 1 ಕೆಜಿ ಮೈಲುತುತ್ತ (ಕಾಪರ್ ಸಲ್ಫೇಟ್), 1 ಕೆಜಿ ಸುಣ್ಣ. ಮೈಲುತುತ್ತ ತರಿಸಿಕೊಡುವುದು ಬೆಳೆಗಾರರ ಸಂಘದ ಕೆಲಸ ಅಂತಿಟ್ಟುಕೊಳ್ಳಿ. ಮೇ ತಿಂಗಳ ಮೊದಲೇ ನಿರ್ಧಾರ ಆಗದಿದ್ದರೆ ಮೊದಲ ಮಳೆ ಬಂದ ಮೇಲೆ ಸರಕು ಬರುತ್ತದೆ. ಆಗ ಬಂದರೆಷ್ಟು, ಬಿಟ್ಟರೆಷ್ಟು!

ಅಜೆಂಡಾದಲ್ಲಿ ಸಾಮಾನ್ಯವಾಗಿ ಬರೆಯುವುದು ‘ಮೈಲುತುತ್ತ ಖರೀದಿ ಬಗ್ಗೆ ಚರ್ಚೆ’ ಅಂತ. ಚರ್ಚೆ ಅಂದ ಮೇಲೆ ಚರ್ಚೆಯೇ ಆಗುತ್ತದೆ. ಒಬ್ಬರು ಹೋದ ವರ್ಷದ ದರ ಹೇಳುತ್ತಾರೆ, ಇನ್ನೊಬ್ಬರು ಕಲಬೆರಕೆ ಮಾತು ತೆಗೆಯುತ್ತಾರೆ, ಮತ್ತೊಬ್ಬರು ಬೇರೆ ಸಂಘದ ಸುದ್ದಿ ತರುತ್ತಾರೆ. ಗಂಟೆ ಕಳೆಯುತ್ತದೆ. ಅದನ್ನೇ ಹೀಗೆ ಬರೆಯಿರಿ: ‘ಈ ವರ್ಷ ಎಷ್ಟು ಕ್ವಿಂಟಲ್ ಮೈಲುತುತ್ತ ತರಿಸಬೇಕು, ಯಾರಿಂದ, ಯಾವ ಖಾತೆಯ ಹಣದಿಂದ?’ ಇದರ ಜೊತೆ ಒಂದೇ ಹಾಳೆಯಲ್ಲಿ ಹೋದ ವರ್ಷದ ಮಾರಾಟ, ಉಳಿದಿರುವ ದಾಸ್ತಾನು, ಮೂರು ಕಡೆಯ ದರಪಟ್ಟಿ ಇರಲಿ. ಈ ಹಾಳೆ ನಿರ್ದೇಶಕರ ಕೈಗೆ ವಾರ ಮೊದಲೇ ಸಿಗಬೇಕು. ಸಭೆಗೆ ಬಂದ ಮೇಲೆ ಹಂಚಿದರೆ ಉಪಯೋಗವಿಲ್ಲ, ಅರ್ಧ ಜನ ಓದುತ್ತಿರುತ್ತಾರೆ, ಅರ್ಧ ಜನ ಮಾತಾಡುತ್ತಿರುತ್ತಾರೆ.

ಮುಗಿದ ಮೇಲೆ ನಡಾವಳಿಯಲ್ಲಿ ಆ ಪ್ರಶ್ನೆಗೆ ನೇರ ಉತ್ತರ ಬರಲಿ. ಇಂತಿಷ್ಟು ಕ್ವಿಂಟಲ್, ಇಂಥವರಿಂದ. ಖರೀದಿ ಆದೇಶ ಕೊಡುವವರು ಕಾರ್ಯದರ್ಶಿ, ಇಂಥ ತಾರೀಕಿನೊಳಗೆ. ಹೆಸರು ಮತ್ತು ತಾರೀಕು ಇಲ್ಲದ ತೀರ್ಮಾನವನ್ನು ನಾನು ತೀರ್ಮಾನ ಅಂತ ಒಪ್ಪುವುದಿಲ್ಲ.

ಹಾಗೆಯೇ ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರ ವಿಷಯಗಳು’. ನಮ್ಮ ಕಡೆ ಎಲ್ಲ ನೋಟಿಸಿನ ಕೊನೆಯಲ್ಲೂ ಈ ಸಾಲು ಇರುತ್ತದೆ. ಇರಲಿ, ಬೇಡ ಅನ್ನುವುದಿಲ್ಲ. ಆದರೆ ಎಷ್ಟೋ ಕಡೆ ದೊಡ್ಡ ಖರ್ಚಿನ ವಿಷಯ, ನೇಮಕಾತಿಯ ವಿಷಯ ಈ ಸಾಲಿನ ಅಡಿಯಲ್ಲೇ ಬರುತ್ತದೆ. ಅಷ್ಟು ಹೊತ್ತಿಗೆ ದೂರದ ಊರಿನ ಸದಸ್ಯರು ಬಸ್ಸಿಗೆ ಹೊರಟಿರುತ್ತಾರೆ. ಅಲ್ಲಿ ಹಣದ ತೀರ್ಮಾನ ಮಾಡಬಾರದು ಅಂತ ಸಂಸ್ಥೆಯೇ ನಿಯಮ ಮಾಡಿಕೊಳ್ಳಬೇಕು. ತೀರಾ ತುರ್ತಾದರೆ ಸಭೆಯ ಆರಂಭದಲ್ಲೇ ಹೇಳಿ ಅಜೆಂಡಾಕ್ಕೆ ಸೇರಿಸಿ. ಭಾರದ ವಿಷಯ ಮೊದಲು, ಬರೀ ಮಾಹಿತಿ ಕೊಡುವುದು ಕೊನೆಗೆ. ಮುಗಿಯುವ ಹೊತ್ತನ್ನೂ ನೋಟಿಸಿನಲ್ಲೇ ಬರೆಯಿರಿ. ಹೊಸನಗರದಿಂದ ಬಂದವರಿಗೆ ಯಾವ ಬಸ್ಸು ಸಿಗುತ್ತದೆ ಅಂತ ನೋಡಿಯೇ ಆ ಹೊತ್ತು ಇಡಬೇಕು.

ಕಂಪನಿಗಳ ಆಡಳಿತ ಮಂಡಳಿಗೆ ಕಾನೂನಿನ ಕಟ್ಟುಪಾಡು ಇದೆ. 2013ರ ಕಂಪನಿ ಕಾಯ್ದೆ ಪ್ರಕಾರ ಸಾಮಾನ್ಯವಾಗಿ ಕನಿಷ್ಠ 7 ದಿನ ಮೊದಲು ನೋಟಿಸ್ ಕೊಡಬೇಕು, ಸಭೆ ಆಗಿ 30 ದಿನದೊಳಗೆ ನಡಾವಳಿ ಪುಸ್ತಕಕ್ಕೆ ಏರಬೇಕು, ನಿರ್ಣಯ ಒಪ್ಪದ ನಿರ್ದೇಶಕರಿದ್ದರೆ ಅವರ ಹೆಸರೂ ದಾಖಲಾಗಬೇಕು. ಕಚೇರಿಯ ಒಳಗಿನ ಸಭೆಗೆ ಇದು ಅನ್ವಯಿಸುವುದಿಲ್ಲ. ಆದರೂ ಆ ಕೊನೆಯ ಮಾತು ಎಲ್ಲರಿಗೂ ಬೇಕಾದದ್ದು. ಮಲೆನಾಡಿನಲ್ಲಿ ಹಿರಿಯರ ಎದುರು ‘ಬೇಡ’ ಅನ್ನಲು ಜನ ಹಿಂಜರಿಯುತ್ತಾರೆ. ಅಧ್ಯಕ್ಷರು ‘ಎಲ್ಲರೂ ಒಪ್ತೀರಲ್ಲ?’ ಅಂದರೆ ತಲೆ ಆಡಿಸುತ್ತಾರೆ. ನಿಜವಾದ ಅಭಿಪ್ರಾಯ ಹೊರಗೆ ಜಗಲಿಯಲ್ಲಿ, ಎಲೆಅಡಿಕೆ ಹಾಕುವಾಗ ಬರುತ್ತದೆ. ಸಂಸ್ಥೆಗೆ ಇದರಿಂದ ಆಗುವ ನಷ್ಟ ದೊಡ್ಡದು, ಯಾಕಂದರೆ ತೊಡಕು ಎಲ್ಲಿದೆ ಅಂತ ಗೊತ್ತಿದ್ದವರೇ ಸುಮ್ಮನಿರುತ್ತಾರೆ.

ಇದಕ್ಕೆ ಎರಡು ಕ್ರಮ ಮಾಡಿಸುತ್ತೇನೆ. ಅಧ್ಯಕ್ಷರು ತಮ್ಮ ಅಭಿಪ್ರಾಯ ಕೊನೆಗೆ ಹೇಳಬೇಕು. ಹೊಸಬರನ್ನು, ಚಿಕ್ಕವರನ್ನು ಮೊದಲು ಕೇಳಬೇಕು, ಅದೂ ಹೆಸರು ಹಿಡಿದು. ಅದಕ್ಕೂ ಮೊದಲು ಎಲ್ಲರೂ ಒಂದು ಚೀಟಿಯಲ್ಲಿ ತಮ್ಮ ಅನಿಸಿಕೆ ಬರೆದಿಟ್ಟುಕೊಂಡಿದ್ದರೆ ಇನ್ನೂ ಒಳ್ಳೆಯದು. ಬರೆದದ್ದನ್ನು ಓದಿ ಹೇಳುವುದು ಸಲೀಸು. ಮಹಿಳಾ ಸಂಘಗಳಲ್ಲಂತೂ ಇದರಿಂದ ಸಭೆಯ ಸ್ವರೂಪವೇ ಬದಲಾದದ್ದನ್ನು ನೋಡಿದ್ದೇನೆ.

ಕಾಫಿ ತಿಂಡಿ ಸಭೆಗೆ ಮೊದಲೇ ಆಗಲಿ. ಬಂದವರಿಗೆ ಆಸರಿಗೆ ಕೊಡದೆ ಕೆಲಸದ ಮಾತು ಎತ್ತುವ ಪದ್ಧತಿ ನಮ್ಮಲ್ಲಿಲ್ಲ, ಅದನ್ನು ಬಿಡುವುದೂ ಬೇಡ. ನೋಟಿಸಿನಲ್ಲಿ ‘ಕಾಫಿ ಹತ್ತಕ್ಕೆ, ಸಭೆ ಹತ್ತೂವರೆಗೆ’ ಅಂತಲೇ ಹಾಕಿ. ತಡವಾಗಿ ಬರುವವರೂ ಆಗ ಬಂದಿರುತ್ತಾರೆ.

ಫೌಂಡ್ರಿಯಂಥ ಜಾಗದಲ್ಲಿ, ಅಂದರೆ ಲೋಹ ಕರಗಿಸಿ ಮರಳಿನ ಅಚ್ಚಿಗೆ ಎರಕ ಹೊಯ್ಯುವ ಕಾರ್ಖಾನೆಯಲ್ಲಿ, ಲೆಕ್ಕವೇ ಬೇರೆ. ಪಾಳಿ ಬದಲಾಗುವಾಗ ಬೋರ್ಡಿನ ಮುಂದೆ ನಿಂತೇ ಮಾತಾಡಿದರೆ ಹತ್ತು ನಿಮಿಷ ಸಾಕು. ಹಿಂದಿನ ಪಾಳಿಯಲ್ಲಿ ಎಷ್ಟು ಪೀಸ್ ರಿಜೆಕ್ಟ್ ಆಯಿತು, ಯಾಕೆ ಆಯಿತು, ಯಾವ ಮಿಷಿನ್ ನಿಂತಿದೆ, ಇವತ್ತು ಯಾವ ಅಚ್ಚು. ಅಷ್ಟೇ. ಮರಳಿನ ತೇವದ ಬಗ್ಗೆ ಜಾಸ್ತಿ ಮಾತಾಡಬೇಕಾಗಿ ಬಂದರೆ ಸಂಬಂಧಪಟ್ಟ ಇಬ್ಬರು ಮೂವರು ನಿಲ್ಲಲಿ, ಉಳಿದವರು ಕೆಲಸಕ್ಕೆ ಹೋಗಲಿ. ಎಂಟು ಜನ ಎರಡು ತಾಸು ಕೂತರೆ ಹದಿನಾರು ತಾಸು, ಅಂದರೆ ಒಬ್ಬರ ಎರಡು ದಿನದ ದುಡಿಮೆ. ಬರೀ ಸುದ್ದಿ ತಿಳಿಸಲು ಸಭೆ ಕರೆಯುವ ಮ್ಯಾನೇಜರುಗಳು ಈ ಲೆಕ್ಕ ಹಾಕಬೇಕು. ಸುದ್ದಿಗೆ ಒಂದು ವಾಟ್ಸಾಪ್ ಸಂದೇಶ ಸಾಕು, ಅಲ್ವಾ?

ಮಳೆಗಾಲದ ಆನ್‌ಲೈನ್ ಸಭೆಗಳ ಬಗ್ಗೆ ತುಂಬಾ ಜನ ಕೇಳುತ್ತಾರೆ. ಜೂನ್‌ನಿಂದ ಆಗಸ್ಟ್ ತನಕ ನಮ್ಮ ಹಳ್ಳಿಗಳಲ್ಲಿ ಕರೆಂಟೂ ನಂಬುವ ಹಾಗಿಲ್ಲ, ನೆಟ್‌ವರ್ಕೂ ನಂಬುವ ಹಾಗಿಲ್ಲ. ವಿಡಿಯೋ ಬಿಟ್ಟು ಫೋನಿನ ಕಾನ್ಫರೆನ್ಸ್ ಕರೆಯಲ್ಲೇ ಮಾಡಿ. ಅಂಕಿ ಅಂಶದ ಹಾಳೆಯ ಫೋಟೋ ಹಿಂದಿನ ದಿನವೇ ಕಳಿಸಿ. ಪ್ರತಿ ತೀರ್ಮಾನವನ್ನೂ ಗಟ್ಟಿಯಾಗಿ ಓದಿ ಹೇಳಿ, ಮುಗಿದ ಕೂಡಲೇ ಅದೇ ಮಾತನ್ನು ಬರೆದು ಕಳಿಸಿ, ಪ್ರತಿಯೊಬ್ಬರಿಂದಲೂ ‘ಒಪ್ಪಿಗೆ’ ಅಥವಾ ‘ಒಪ್ಪಿಗೆಯಿಲ್ಲ’ ಅಂತ ಉತ್ತರ ತರಿಸಿಕೊಳ್ಳಿ. ನಡುವೆ ಲೈನ್ ಕಡಿದುಹೋದವರಿಗೆ ಕಾರ್ಯದರ್ಶಿ ಅವತ್ತೇ ಫೋನ್ ಮಾಡಿ ತಿಳಿಸಬೇಕು. ಸಂಘದ ಬೈಲಾ ಪ್ರಕಾರ ಮುಖಾಮುಖಿ ಸಭೆಯಲ್ಲೇ ಆಗಬೇಕಾದ ನಿರ್ಣಯಗಳಿದ್ದರೆ ಅವನ್ನು ಮೇ ತಿಂಗಳೊಳಗೆ ಮುಗಿಸಿಕೊಳ್ಳಿ.