ಲೈಟು ಯಾವ ಬಣ್ಣ ಅಂತ ನನ್ನ ಕೇಳಬೇಡಿ

"ರೂಟರಿನಲ್ಲಿ ಕೆಂಪು ಲೈಟ್ ಉರೀತಿದೆಯಾ ಸಾರ್?"

ಇಂಟರ್ನೆಟ್ ಕಂಪನಿಗೆ ಫೋನ್ ಮಾಡಿದರೆ ಬರುವ ಮೊದಲ ಪ್ರಶ್ನೆ ಇದು. ನನಗೆ ಕಣ್ಣು ಕಾಣುವುದಿಲ್ಲ ಅಂದರೆ ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ, "ಮನೇಲಿ ಬೇರೆ ಯಾರಾದ್ರೂ ಇದ್ದಾರಾ?" ಬೆಳಗ್ಗೆ ಹನ್ನೊಂದು ಗಂಟೆಗೆ ಯಾರಿರುತ್ತಾರೆ!

ಅಂಧರಿಗೆ ಫೋನು, ಲ್ಯಾಪ್‌ಟಾಪು, ಪುಸ್ತಕ ಓದುವ ಪ್ಲೇಯರು ಬಳಸುವುದನ್ನು ಹೇಳಿಕೊಡುವುದು ನನ್ನ ಕೆಲಸ. ನನ್ನ ಹತ್ತಿರ ಬರುವ ದೂರುಗಳಲ್ಲಿ ವೈಫೈ ಬಗ್ಗೆಯೇ ಜಾಸ್ತಿ. ವೈಫೈ ಕೆಡುವುದು ಎಲ್ಲರ ಮನೆಯಲ್ಲೂ ಒಂದೇ ಥರ. ಆದರೆ ಎಲ್ಲಿ ಕೆಟ್ಟಿದೆ ಅಂತ ತೋರಿಸುವ ಗುರುತುಗಳೆಲ್ಲ ಕಣ್ಣಿದ್ದವರಿಗೆ ಮಾಡಿದವು. ಲೈಟು, ಸ್ಕ್ರೀನಿನ ಮೂಲೆಯ ಐಕಾನು, ರೂಟರಿನ ತಳದಲ್ಲಿ ಅಂಟಿಸಿದ ಪಾಸ್‌ವರ್ಡ್ ಚೀಟಿ. ಹಾಗಾಗಿ ನಾನು ಮಾತಾಡುವ ಗುರುತು ಹುಡುಕುತ್ತೇನೆ.

ವಿಂಡೋಸ್ ಲ್ಯಾಪ್‌ಟಾಪ್ ಇದ್ದರೆ ಸುಲಭ. ಕಮಾಂಡ್ ಪ್ರಾಂಪ್ಟಿನಲ್ಲಿ ರೂಟರಿನ ವಿಳಾಸಕ್ಕೆ ಪಿಂಗ್ ಮಾಡಿ (ಅಂದರೆ "ಇದ್ದೀಯಾ?" ಅಂತ ಕೇಳುವ ಕಮಾಂಡ್ ಕೊಡಿ), ಸಾಮಾನ್ಯವಾಗಿ ಅದು 192.168.1.1 ಅಥವಾ 192.168.0.1. ಆಮೇಲೆ ಹೊರಗಿನ ಇಂಟರ್ನೆಟ್ಟಿನಲ್ಲಿರುವ ಗೂಗಲ್ ಸರ್ವರಿನ ವಿಳಾಸ 8.8.8.8ಕ್ಕೆ ಪಿಂಗ್ ಮಾಡಿ. ಬಂದ ಉತ್ತರವನ್ನು ಸ್ಕ್ರೀನಿನ ಬರಹ ಓದಿ ಹೇಳುವ ಸ್ಕ್ರೀನ್ ರೀಡರ್ ಎನ್‌ವಿಡಿಎ ತಾನೇ ಓದುತ್ತದೆ. ರೂಟರ್ ಉತ್ತರ ಕೊಟ್ಟು ಎರಡನೆಯದು ಕೊಡದಿದ್ದರೆ, ತೊಂದರೆ ಹೊರಗಿನ ಲೈನಿನಲ್ಲಿರುವ ಸಂಭವವೇ ಹೆಚ್ಚು. ಕಂಪನಿಯವರಿಗೆ ಇಷ್ಟು ಹೇಳಿದರೆ ಲೈಟಿನ ಮಾತು ಅಲ್ಲಿಗೇ ನಿಲ್ಲುತ್ತದೆ. ಲೈಟು ನೋಡಲೇಬೇಕು ಅಂದರೆ ಮೊಬೈಲ್ ಡೇಟಾದಲ್ಲಿ ಬಿ ಮೈ ಐಸ್ ಆ್ಯಪ್ ತೆರೆದು ಸ್ವಯಂಸೇವಕರಿಗೆ ವಿಡಿಯೋ ಕಾಲ್ ಮಾಡಬಹುದು. ಬಣ್ಣ ಹೇಳುವ ಆ್ಯಪ್‌ಗಳನ್ನು ಸಾಸಿವೆಯಷ್ಟಿರುವ ಲೈಟಿನ ವಿಷಯದಲ್ಲಿ ನಾನು ನಂಬುವುದಿಲ್ಲ.

ನನ್ನನ್ನು ಜಾಸ್ತಿ ಸತಾಯಿಸಿದ್ದು ಹಾಸನದ ನಿವೃತ್ತ ಮೇಷ್ಟ್ರೊಬ್ಬರ ಪ್ಲೇಯರು. ಮಗಳು ಅಮೆರಿಕದಿಂದ ತಂದುಕೊಟ್ಟದ್ದು. ಮೇಷ್ಟ್ರ ಫೋನಿಗೆ ಮನೆಯ ವೈಫೈ ಚೆನ್ನಾಗಿ ಸಿಗುತ್ತಿತ್ತು. ಪ್ಲೇಯರಿನಲ್ಲಿ ಹುಡುಕಿದರೆ ಪಕ್ಕದ ಮನೆಯವರ ಹೆಸರೆಲ್ಲ ಬರುತ್ತದೆ, ಇವರದೊಂದೇ ಇಲ್ಲ! "ಊರವರದೆಲ್ಲ ಕಾಣತ್ತೆ, ನಮ್ಮದು ಬಿಟ್ಟು. ಇದೇನಪ್ಪಾ ಮಾಯೆ?" ಅಂದರು.

ಮೊದಲು ವೈಫೈ ಬಳಸುವ ರೇಡಿಯೋ ಬ್ಯಾಂಡುಗಳಲ್ಲಿ ಒಂದಾದ 5 ಗಿಗಾಹರ್ಟ್ಸ್ ಮೇಲೆ ಅನುಮಾನಪಟ್ಟೆ. ಹಳೆಯ ಪ್ಲೇಯರುಗಳಲ್ಲಿ ಹಲವಕ್ಕೆ 2.4 ಗಿಗಾಹರ್ಟ್ಸ್ ಮಾತ್ರ ಗೊತ್ತು. ಆದರೆ ಇವರ ರೂಟರಿನಲ್ಲಿ ಎರಡೂ ಆನ್ ಇತ್ತು. ಫೋನಿನ ಹಾಟ್‌ಸ್ಪಾಟ್ ಹಾಕಿಸಿದೆ, ಪ್ಲೇಯರು ತಕ್ಷಣ ಹಿಡಿಯಿತು. ಅಂದರೆ ಪ್ಲೇಯರು ಸರಿಯಾಗಿದೆ. ಕೊನೆಗೆ ರೂಟರಿನ ಸೆಟ್ಟಿಂಗ್ಸ್ ಪುಟ ತೆರೆದೆ. (ಆ ಪುಟಗಳನ್ನು ಮಾಡುವವರು ಗುಂಡಿಗಳಿಗೆ ಹೆಸರೇ ಇಡುವುದಿಲ್ಲ. ಸ್ಕ್ರೀನ್ ರೀಡರ್ "ಗ್ರಾಫಿಕ್, ಗ್ರಾಫಿಕ್" ಅಂತ ಜಪ ಮಾಡುತ್ತಿರುತ್ತದೆ.) 2.4ರ ಚಾನೆಲ್ (ಬ್ಯಾಂಡಿನೊಳಗೆ ನಂಬರು ಹಾಕಿದ ದಾರಿ) ಆಟೋ ಅಂತಿತ್ತು, ರೂಟರು ತಾನೇ ಹೋಗಿ 13ರಲ್ಲಿ ಕೂತಿತ್ತು.

2.4ರಲ್ಲಿ ನಮ್ಮ ದೇಶದಲ್ಲಿ 1ರಿಂದ 13ರವರೆಗಿನ ಚಾನೆಲ್ ಬಳಸುತ್ತೇವೆ. ಅಮೆರಿಕದ ಮಾರುಕಟ್ಟೆಗೆ ಮಾಡಿದ ಸಾಧನಗಳು ಸಾಮಾನ್ಯವಾಗಿ 11ಕ್ಕೇ ನಿಲ್ಲುತ್ತವೆ. 12, 13ರಲ್ಲಿ ಏನಿದೆ ಅಂತ ಅವು ಕಿವಿಗೊಡುವುದೇ ಇಲ್ಲ. ಚಾನೆಲನ್ನು 6ಕ್ಕೆ ಕೂರಿಸಿದೆ, ಮುಗಿಯಿತು. ವಿದೇಶದಿಂದ ಮಕ್ಕಳು, ನೆಂಟರು ತಂದುಕೊಟ್ಟ ಸಾಧನ ನಿಮ್ಮಲ್ಲೂ ಇದ್ದರೆ 1, 6, 11ರಲ್ಲಿ ಒಂದನ್ನು ಈಗಲೇ ಆರಿಸಿಡಿ.

ಇನ್ನೊಂದು ತರಲೆ ಗಡಿಯಾರದ್ದು. ಪ್ಲೇಯರನ್ನು ತಿಂಗಳುಗಟ್ಟಲೆ ಬೀರುವಿನಲ್ಲಿಟ್ಟರೆ ಬ್ಯಾಟರಿ ಪೂರ್ತಿ ಇಳಿದು ತಾರೀಖು ಹಿಂದಕ್ಕೆ ಓಡಿರುತ್ತದೆ. ವೈಫೈ ಸಿಗುತ್ತದೆ, ಪುಸ್ತಕ ಮಾತ್ರ ಇಳಿಯುವುದಿಲ್ಲ. ಸುರಕ್ಷಿತ ಜಾಲತಾಣ ತಾನು ಅಸಲಿ ಅಂತ ತೋರಿಸುವ ಸರ್ಟಿಫಿಕೇಟಿಗೆ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅವಧಿ ಇರುತ್ತದಲ್ವಾ? ಹತ್ತು ವರ್ಷ ಹಿಂದೆ ಬದುಕುತ್ತಿರುವ ಪ್ಲೇಯರಿಗೆ ಅದು ಇನ್ನೂ ಶುರುವೇ ಆಗಿಲ್ಲ. ನಾವು ಪುಸ್ತಕ ಇಳಿಸಿಕೊಳ್ಳುವ ಆನ್ಲೈನ್ ಗ್ರಂಥಾಲಯ ಸುಗಮ್ಯ ಪುಸ್ತಕಾಲಯವೇ ಕೆಟ್ಟುಹೋಗಿದೆ ಅಂತ ಬೈಯುವ ಮೊದಲು ತಾರೀಖು ಕೇಳಿಸಿಕೊಳ್ಳಿ.

ಪಾಸ್‌ವರ್ಡ್ ಹೊಡೆಯುವಾಗ ಸ್ಕ್ರೀನ್ ರೀಡರ್ ಅಕ್ಷರದ ಬದಲು ಬರೀ "ಸ್ಟಾರ್, ಸ್ಟಾರ್" ಅಥವಾ "ಡಾಟ್, ಡಾಟ್" ಅನ್ನಬಹುದು. ದೊಡ್ಡಕ್ಷರ ಬಿತ್ತೋ ಚಿಕ್ಕದೋ ದೇವರಿಗೇ ಗೊತ್ತು. ಪಾಸ್‌ವರ್ಡ್ ತೋರಿಸುವ ಗುಂಡಿ ಒತ್ತಿ, ಇಯರ್‌ಫೋನ್ ಹಾಕಿಕೊಂಡು ಒಂದೊಂದೇ ಅಕ್ಷರ ಕೇಳಿ. ಇನ್ನು ಹೋಟೆಲ್ಲು, ರೈಲು ನಿಲ್ದಾಣಗಳ ವೈಫೈ ಓಟಿಪಿ ಕೇಳುವ ಪುಟ ತೆರೆಯುತ್ತದೆ. ಬ್ರೌಸರ್ ಇಲ್ಲದ ಪ್ಲೇಯರಿಗೆ ಅದು ಆಗದ ಕೆಲಸ. ಅಲ್ಲಿ ಫೋನಿನ ಹಾಟ್‌ಸ್ಪಾಟೇ ಗತಿ.

ಪಾಸ್‌ವರ್ಡಿನ ತಾಪತ್ರಯವೇ ಬೇಡ ಅಂತ ರೂಟರಿನ ಡಬ್ಲ್ಯುಪಿಎಸ್ ಗುಂಡಿ ಒತ್ತಲು ಹೊರಟರೆ ಒಂದು ಎಚ್ಚರಿಕೆ. ಕೆಲವು ರೂಟರುಗಳಲ್ಲಿ ಡಬ್ಲ್ಯುಪಿಎಸ್‌ಗೂ ರೀಸೆಟ್‌ಗೂ ಒಂದೇ ಗುಂಡಿ. ಒತ್ತಿ ಬಿಟ್ಟರೆ ಸಾಧನ ಸೇರಿಕೊಳ್ಳುತ್ತದೆ, ಒತ್ತಿ ಹಿಡಿದರೆ ರೂಟರಿನ ನೆನಪೆಲ್ಲ ಅಳಿಸಿಹೋಗುತ್ತದೆ. ನಾನು ಹಿಡಿದುಕೊಂಡೇ ಇದ್ದೆ. ಎರಡು ದಿನ ಮನೆಯಲ್ಲಿ ಇಂಟರ್ನೆಟ್ ಇರಲಿಲ್ಲ. ಈಗ ಆ ಗುಂಡಿಯ ಪಕ್ಕ ನನ್ನ ಹೆಂಡತಿಯ ಸ್ಟಿಕ್ಕರ್ ಬೊಟ್ಟು ಎರಡಿವೆ. ಬೆರಳಿಗೆ ಅವು ಸಿಕ್ಕಿದರೆ ಕೈ ಹಿಂದಕ್ಕೆ.