ಜೋಡಿ ಲಿಸ್ಟ್‌ಗಳಲ್ಲಿ ಮರುಕಳಿಸುವ ಹೆಸರುಗಳ ಮೊತ್ತ ಕೂಡುವುದು

ಎರಡು ಲಿಸ್ಟ್‌ಗಳಿವೆ ಎಂದುಕೊಳ್ಳಿ. ಮೊದಲನೆಯದರಲ್ಲಿ ಹೆಸರುಗಳು: ಪೆನ್ನು, ಪುಸ್ತಕ, ಪೆನ್ನು, ಚೀಲ, ಪುಸ್ತಕ, ಪೆನ್ನು. ಎರಡನೆಯದರಲ್ಲಿ ಅದೇ ಕ್ರಮದಲ್ಲಿ ಸಂಖ್ಯೆಗಳು: 4, 2, 3, 1, 5, 6. ಪ್ರತಿ ಹೆಸರಿಗೂ ಒಟ್ಟು ಎಷ್ಟು? ಪೆನ್ನು 13, ಪುಸ್ತಕ 7, ಚೀಲ 1 ಬರಬೇಕು. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಇದಕ್ಕೆ ಮೂರು ಸಾಲು ಸಾಕು, ಆದರೆ ಮೂರನೇ ಸಾಲಿನಲ್ಲಿ ಎಡವುವವರು ಬಹಳ.

ಮೊದಲ ಸಾಲಿನಲ್ಲಿ ಖಾಲಿ ಡಿಕ್ಷನರಿ (ಪ್ರತಿ ಕೀಗೆ, ಇಲ್ಲಿ ಹೆಸರಿಗೆ, ಒಂದು ಮೌಲ್ಯ ಇಟ್ಟುಕೊಳ್ಳುವ ಪಟ್ಟಿ) ಮಾಡಿಕೊಳ್ಳಿ, ಹೆಸರು 'ಮೊತ್ತ' ಎಂದಿರಲಿ. ಎರಡನೆಯದರಲ್ಲಿ ಎರಡೂ ಲಿಸ್ಟ್‌ಗಳನ್ನು ಜೋಡಿ ಮಾಡಿಕೊಡುವ ಜಿಪ್‌ಗೆ ಕೊಟ್ಟು ಫಾರ್ ಲೂಪ್ ಓಡಿಸಿ. ಪ್ರತಿ ಸುತ್ತಿಗೂ ಒಂದು ಹೆಸರು, ಅದರ ಸಂಖ್ಯೆ ಒಟ್ಟಿಗೆ ಕೈಗೆ ಬರುತ್ತವೆ. ಮೂರನೆಯದು ಇಡೀ ಕೆಲಸದ ಜೀವ: ಆ ಹೆಸರಿನ ಹಳೆಯ ಮೊತ್ತವನ್ನು ಡಿಕ್ಷನರಿಯ ಗೆಟ್ ಮೂಲಕ ಕೇಳಿ, ಇಲ್ಲದಿದ್ದರೆ 0 ಕೊಡು ಎಂದು ಹೇಳಿ, ಅದಕ್ಕೆ ಹೊಸ ಸಂಖ್ಯೆ ಕೂಡಿಸಿ ಅದೇ ಕೀಗೆ ಮತ್ತೆ ಬರೆಯಿರಿ. ಪೆನ್ನಿನ ಲೆಕ್ಕ ಹೀಗೆ ಸಾಗುತ್ತದೆ: ಮೊದಲ ಸಲ 0 + 4 = 4, ಮೂರನೇ ಸುತ್ತಿನಲ್ಲಿ 4 + 3 = 7, ಆರನೆಯದರಲ್ಲಿ 7 + 6 = 13.

ಗೆಟ್ ಬಳಸದೆ ನೇರವಾಗಿ ಕೂಡಿಸಹೊರಟರೆ ಮೊದಲ ಪೆನ್ನಿಗೇ ಕೀ‌ಎರರ್ ಬರುತ್ತದೆ, ಇನ್ನೂ ಇಲ್ಲದ ಕೀಗೆ ಏನನ್ನು ಕೂಡಿಸುವುದು? ಇದಕ್ಕಿಂತ ಕೆಟ್ಟ ತಪ್ಪೆಂದರೆ ಜಿಪ್ ಮಾಡಿದ್ದನ್ನು ಹಾಗೇ ಡಿಕ್ಷನರಿ ಕಟ್ಟುವ ಡಿಕ್ಟ್‌ಗೆ ಕೊಟ್ಟುಬಿಡುವುದು. ಆಗ ಎರರ್ ಬರುವುದೇ ಇಲ್ಲ, ಹಳೆಯ ಸಂಖ್ಯೆಯ ಮೇಲೆ ಹೊಸದು ಕೂರುತ್ತದೆ ಅಷ್ಟೇ. ಪೆನ್ನು 6, ಪುಸ್ತಕ 5, ಚೀಲ 1 ಸಿಗುತ್ತದೆ.

ಇದನ್ನು ಹಿಡಿಯಲು ಒಂದು ತಾಳೆ ಇದೆ, ಪ್ರತಿ ಸಲವೂ ಮಾಡಿ: ಡಿಕ್ಷನರಿಯ ಎಲ್ಲ ಮೊತ್ತಗಳನ್ನು ಕೂಡಿದರೆ ಮೂಲ ಸಂಖ್ಯೆಗಳ ಲಿಸ್ಟ್‌ನ ಒಟ್ಟು ಮೊತ್ತವೇ ಬರಬೇಕು. ಇಲ್ಲಿ 13 + 7 + 1 = 21, ಮೂಲದಲ್ಲೂ 21. ಡಿಕ್ಟ್‌ನ ತಪ್ಪು ದಾರಿ ಹಿಡಿದರೆ 12 ಬರುತ್ತದೆ. ಆದರೆ ಒಂದು ಲಿಸ್ಟನ್ನು ಮಾತ್ರ ಸಾರ್ಟ್ ಮಾಡಿ (ಕ್ರಮಕ್ಕೆ ಜೋಡಿಸಿ) ಜೋಡಿ ಕೆಡಿಸಿದ್ದರೆ ಮೊತ್ತ 21 ಆಗಿಯೇ ಇರುತ್ತದೆ, ಹೆಸರುಗಳಿಗೆ ಮಾತ್ರ ಬೇರೆಯವರ ಲೆಕ್ಕ ಸೇರಿರುತ್ತದೆ. ಆದ್ದರಿಂದ ಕೂಡುವ ಮೊದಲು ಒಂದೊಂದನ್ನೇ ಸಾರ್ಟ್ ಮಾಡಲೇಬೇಡಿ.

ಲಿಸ್ಟ್‌ಗಳ ಉದ್ದ ಬೇರೆಬೇರೆ ಇದ್ದರೆ ಜಿಪ್ ಚಿಕ್ಕದರ ಕೊನೆಗೆ ಸದ್ದಿಲ್ಲದೆ ನಿಂತುಬಿಡುತ್ತದೆ. ಪೈಥಾನ್ 3.10ರಿಂದ ಸ್ಟ್ರಿಕ್ಟ್ ಎಂಬ ಆಯ್ಕೆ ಇದೆ. ಅದಕ್ಕೆ ಟ್ರೂ ಕೊಟ್ಟರೆ ಉದ್ದ ಹೊಂದದಾಗ ವ್ಯಾಲ್ಯೂ‌ಎರರ್ ಬರುತ್ತದೆ. ಹಳೆಯ ಆವೃತ್ತಿಯಾದರೆ ಲೂಪ್‌ಗೆ ಮೊದಲೇ ಉದ್ದ ಹೋಲಿಸಿ ನೋಡಿ.

ಗೆಟ್ ಬದಲು, ಇಲ್ಲದ ಕೀಗೆ ತಾನೇ ಆರಂಭದ ಮೌಲ್ಯ ಕೊಡುವ ಡಿಫಾಲ್ಟ್‌ಡಿಕ್ಟ್ ಬಳಸಿ ಇಂಟ್ ಕೊಟ್ಟರೂ ಆಗುತ್ತದೆ, ಬರೆಯುವುದೂ ಚಿಕ್ಕದು. ಒಂದೇ ಎಚ್ಚರ: ಇಲ್ಲದ ಕೀಯನ್ನು ಚೌಕ ಆವರಣದಲ್ಲಿಟ್ಟು ಓದಿದರೂ ಅದು 0 ಜೊತೆ ಹೊಸದಾಗಿ ಸೇರಿಕೊಳ್ಳುತ್ತದೆ. ಗ್ರೂಪ್‌ಬೈ ಇಲ್ಲಿ ಬೇಡ. ಐಟರ್‌ಟೂಲ್ಸ್‌ನ ಗ್ರೂಪ್‌ಬೈ ಪಕ್ಕಪಕ್ಕದಲ್ಲಿರುವ ಒಂದೇ ಹೆಸರುಗಳನ್ನಷ್ಟೇ ಗುಂಪು ಮಾಡುತ್ತದೆ, ನಮ್ಮ ಪೆನ್ನು ಮೂರು ತುಂಡಾಗುತ್ತದೆ.

ಪ್ರತಿ ಹೆಸರಿಗೂ ಇಡೀ ಲಿಸ್ಟನ್ನು ಮತ್ತೆ ತಿರುವಿಹಾಕುವ ದಾರಿಯೂ ಉಂಟು. ಆರು ನಮೂದಿಗೆ ತೊಂದರೆಯಿಲ್ಲ; 10,000 ನಮೂದುಗಳಲ್ಲಿ ಎಲ್ಲ ಹೆಸರೂ ಬೇರೆಯಾದರೆ 10 ಕೋಟಿ ಹೋಲಿಕೆ. ಡಿಕ್ಷನರಿಗಾದರೆ 10,000 ಸುತ್ತು.

ಫೈಲ್‌ನಿಂದ ಓದಿದ ಸಂಖ್ಯೆ ಸ್ಟ್ರಿಂಗ್ (ಅಕ್ಷರಗಳ ಸಾಲು) ಆಗಿರುತ್ತದೆ. ಪೈಥಾನ್ ಟೈಪ್‌ಎರರ್ ಕೊಟ್ಟು ಕಾಪಾಡುತ್ತದೆ. ಜಾವಾಸ್ಕ್ರಿಪ್ಟ್ ಹಾಗಲ್ಲ, 0ಯಿಂದ ಶುರುವಾಗಿ ಪೆನ್ನಿಗೆ 0436 ಎಂಬ ಸ್ಟ್ರಿಂಗ್ ಅಂಟಿಸಿ ಕೊಡುತ್ತದೆ. ಕೂಡುವ ಮುಂಚೆ ಸಂಖ್ಯೆಗೆ ಪರಿವರ್ತಿಸಿ.

ಹೆಸರುಗಳಲ್ಲೂ ಕಾಣದ ವ್ಯತ್ಯಾಸ ಇರುತ್ತದೆ. ಕೊನೆಯಲ್ಲೊಂದು ಸ್ಪೇಸ್ ಉಳಿದರೆ ಅದು ಬೇರೆಯೇ ಕೀ, ಸ್ಟ್ರಿಪ್ ಮಾಡಿ ಅದನ್ನು ತೆಗೆಯಿರಿ. ಕನ್ನಡದ ಕೀಗಳಿಗೆ ಇನ್ನೊಂದು ತೊಡಕು: 'ಕೋಲು' ಪದದ ಓ ಚಿಹ್ನೆ ಒಂದೇ ಯೂನಿಕೋಡ್ ಸಂಕೇತವಾಗಿರಬಹುದು, ಇಲ್ಲವೇ ಎ ಚಿಹ್ನೆ, ಊ ಚಿಹ್ನೆ, ದೀರ್ಘ ಚಿಹ್ನೆ ಎಂಬ ಮೂರು ಸಂಕೇತಗಳ ಜೋಡಣೆಯಾಗಿರಬಹುದು. ಪರದೆಯ ಮೇಲೆ ಎರಡೂ ಒಂದೇ, ಡಿಕ್ಷನರಿಗೆ ಎರಡು ಕೀ. ಯೂನಿಕೋಡ್‌ಡೇಟಾದ ನಾರ್ಮಲೈಸ್‌ಗೆ ಎನ್‌ಎಫ್‌ಸಿ (ಬಿಡಿ ಸಂಕೇತಗಳನ್ನು ಕೂಡಿಸಿದ ರೂಪ) ಎಂದು ಕೊಟ್ಟು ಹೆಸರನ್ನು ಹಾಯಿಸಿದರೆ ಎರಡೂ ಒಂದಾಗುತ್ತವೆ. ಈ ಶುದ್ಧೀಕರಣ ಲೂಪ್‌ನ ಒಳಗೆ, ಗೆಟ್ ಕರೆಯುವ ಮುನ್ನವೇ ಆಗಬೇಕು.